ಚಿತ್ರ ಅಂಚೆಕಾರ್ಡುಗಳ ಸಂಗ್ರಹ: ಹಳೆಯದನ್ನು ಆರಿಸಬೇಕೋ, ಹೊಸದನ್ನೋ?

ಚಿತ್ರ ಅಂಚೆಕಾರ್ಡುಗಳನ್ನು ಕೂಡಿಡಬೇಕೆಂಬ ಆಸೆ ಹುಟ್ಟಿದವರ ಮುಂದೆ ಎರಡು ದಾರಿಗಳಿವೆ. ಒಂದು, ನೂರು ವರ್ಷ ಹಿಂದಿನ ಕಾರ್ಡುಗಳನ್ನು ಹುಡುಕಿ, ಪರೀಕ್ಷಿಸಿ, ಬೆಲೆ ಕೊಟ್ಟು ತರುವುದು. ಇನ್ನೊಂದು, ಇಂದು ಅಚ್ಚಾಗುತ್ತಿರುವ ಕಾರ್ಡುಗಳನ್ನು ಬೇರೆ ಬೇರೆ ದೇಶಗಳವರೊಡನೆ ಅಂಚೆಯಲ್ಲಿ ವಿನಿಮಯ ಮಾಡಿಕೊಳ್ಳುವುದು. ಎರಡನ್ನೂ ಒಂದೇ ಹವ್ಯಾಸವೆಂದು ಕರೆಯುವುದು ರೂಢಿಯಾದರೂ, ಅವು ಬೇಡುವ ಹಣ, ಸಮಯ, ಸ್ವಭಾವ ಮೂರೂ ಬೇರೆ. ಮೊದಲನೆಯದರಲ್ಲಿ ಸಂಗ್ರಾಹಕನು ಅರ್ಧ ಇತಿಹಾಸಕಾರ, ಅರ್ಧ ವ್ಯಾಪಾರಿಯಾಗಬೇಕಾಗುತ್ತದೆ. ಎರಡನೆಯದರಲ್ಲಿ ಆತ ಒಳ್ಳೆಯ ಪತ್ರ ಬರೆಯುವವನಾದರೆ ಸಾಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರ್ಡುಗಳನ್ನು ಬಯಸುವವರು ಒಂದು ಊರಿಗೋ, ಒಂದು ವಿಷಯಕ್ಕೋ ತಮ್ಮನ್ನು ಕಟ್ಟಿಹಾಕಿಕೊಳ್ಳಬೇಕು. ಇಡೀ ಜಗತ್ತೇ ಬೇಕೆನ್ನುವವರು ಹೊಸ ಕಾರ್ಡುಗಳ ಕಡೆಗೆ ಹೋಗುವುದು ಮೇಲು. ಇವೆರಡನ್ನೂ ಅದಲುಬದಲು ಮಾಡಿ, ಜಗತ್ತಿನ ಎಲ್ಲ ಹಳೆಯ ಕಾರ್ಡುಗಳನ್ನು ಸಂಗ್ರಹಿಸುತ್ತೇನೆಂದು ಹೊರಟವರ ಪೆಟ್ಟಿಗೆಯಲ್ಲಿ ಕೊನೆಗೆ ಉಳಿಯುವುದು ತಾಜ್ ಮಹಲು, ಐಫೆಲ್ ಗೋಪುರ, ಸ್ವಿಸ್ ಸರೋವರಗಳ ಗುಂಪು ಮಾತ್ರ. ಅಂತಹ ಚಿತ್ರಗಳು ಲಕ್ಷಗಟ್ಟಲೆ ಅಚ್ಚಾದವು. ಅವುಗಳಿಗೆ ಬೆಲೆಯೂ ಇಲ್ಲ, ಅವು ಹೇಳುವ ಹೊಸ ಮಾತೂ ಇಲ್ಲ.

ಹಳೆಯದು ಎಂದರೆ ಎಷ್ಟು ಹಳೆಯದು

ನಮ್ಮಲ್ಲಿ ಅಂಚೆಕಾರ್ಡು ಎಂದೊಡನೆ ನೆನಪಿಗೆ ಬರುವುದು ಅಂಚೆ ಇಲಾಖೆಯೇ ಮಾರುವ ಹಳದಿ ಕಾರ್ಡು. ಚಿತ್ರವಿಲ್ಲದ, ಅಂಚೆಚೀಟಿಯನ್ನು ಮೈಮೇಲೆಯೇ ಅಚ್ಚು ಹಾಕಿಸಿಕೊಂಡ ಈ ಬಗೆಯ ಕಾರ್ಡು 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಮೊದಲು ಹೊರಬಂದಿತು. ಮರುವರ್ಷ ಅದೇ ದಿನ ಬ್ರಿಟನ್ ಅದನ್ನು ಅನುಸರಿಸಿತು. ಭಾರತದಲ್ಲಿ 1879ರ ಜುಲೈ ತಿಂಗಳಲ್ಲಿ ಕಾಲಾಣೆಯ ಕಾರ್ಡು ಬಂದಿತು. ಖಾಸಗಿಯವರು ಅಚ್ಚು ಹಾಕಿ ಮಾರಿದ, ಮೇಲೆ ಪ್ರತ್ಯೇಕವಾಗಿ ಅಂಚೆಚೀಟಿ ಅಂಟಿಸಬೇಕಾದ ಚಿತ್ರದ ಕಾರ್ಡುಗಳು ಆಮೇಲಿನವು. ಬ್ರಿಟನ್ 1894ರಲ್ಲಿ ಅವುಗಳಿಗೆ ಅನುಮತಿ ಕೊಟ್ಟಿತು, ಅಮೆರಿಕ 1898ರಲ್ಲಿ. ಅಲ್ಲಿಂದ ಮೊದಲ ಮಹಾಯುದ್ಧದವರೆಗಿನ ಕಾಲವನ್ನೇ ಸಂಗ್ರಾಹಕರು ಸುವರ್ಣಯುಗವೆಂದು ಕರೆಯುತ್ತಾರೆ. ಆಗ ಜಗತ್ತಿನ ಒಳ್ಳೆಯ ಬಣ್ಣದ ಕಾರ್ಡುಗಳಲ್ಲಿ ಬಹುಪಾಲು ಜರ್ಮನಿಯ ಮುದ್ರಣಾಲಯಗಳಲ್ಲಿ ಅಚ್ಚಾಗುತ್ತಿದ್ದವು. ಭಾರತದ ದೃಶ್ಯವಿರುವ ಎಷ್ಟೋ ಕಾರ್ಡುಗಳ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಜರ್ಮನಿ, ಸ್ಯಾಕ್ಸನಿ ಅಥವಾ ಬವೇರಿಯಾದ ಹೆಸರಿರುವುದು ಈ ಕಾರಣದಿಂದಲೇ. 1914ರಲ್ಲಿ ಯುದ್ಧ ಆರಂಭವಾದಾಗ ಆ ವ್ಯಾಪಾರ ಕಡಿದುಹೋಯಿತು. ಅನಂತರ ಅಚ್ಚಿನ ಗುಣಮಟ್ಟವೂ ಇಳಿಯಿತು.

ಸುಮಾರು 1915ರಿಂದ ಅಮೆರಿಕದ ಕಾರ್ಡುಗಳಲ್ಲಿ ಚಿತ್ರದ ಸುತ್ತ ಬಿಳಿಯ ಅಂಚು ಬಂದಿತು. 1930ರ ದಶಕದಲ್ಲಿ ಬಟ್ಟೆಯ ನೇಯ್ಗೆಯನ್ನು ಹೋಲುವ ಮೇಲ್ಮೈಯ, ಗಾಢಬಣ್ಣದ 'ಲಿನೆನ್' ಕಾರ್ಡುಗಳು ಬಂದವು. ಶಿಕಾಗೋದ ಕರ್ಟ್ ಟೈಕ್ ಕಂಪನಿ ಇವುಗಳಿಗೆ ಹೆಸರಾದದ್ದು. ಆ ಕಂಪನಿಯ ಸಂಗ್ರಹ ಈಗ ಅದೇ ನಗರದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ನಿಜವಾದ ಬಣ್ಣದ ಫೋಟೋದಿಂದ ಅಚ್ಚಾದ ಹೊಳಪು ಕಾರ್ಡುಗಳು 1939ರಿಂದ ಆರಂಭವಾಗಿ, ಎರಡನೆಯ ಮಹಾಯುದ್ಧದ ನಂತರ ಎಲ್ಲೆಡೆ ಹರಡಿದವು. ನಾವಿಂದು ಅಂಗಡಿಯಲ್ಲಿ ಕಾಣುವುದು ಇವುಗಳದೇ ವಂಶ.

ಕಾರ್ಡಿನ ವಯಸ್ಸನ್ನು ಕಂಡುಹಿಡಿಯುವ ಬಗೆ

ಹಳೆಯ ಕಾರ್ಡುಗಳನ್ನು ಆರಿಸಿಕೊಳ್ಳುವವರಿಗೆ ಈ ಒಂದು ವಿದ್ಯೆ ಬೇಕೇಬೇಕು. ಇದು ಇಷ್ಟವಾದರೆ ಹಳೆಯ ಕಾರ್ಡು ನಿಮಗೆ ಒಗ್ಗುತ್ತದೆ; ಬೇಸರವೆನಿಸಿದರೆ ಹೊಸ ಕಾರ್ಡುಗಳತ್ತ ಹೋಗುವುದೇ ಸರಿ.

ಮೊದಲು ಹಿಂಬದಿಯನ್ನು ನೋಡಬೇಕು. ಆರಂಭದ ಕಾರ್ಡುಗಳಲ್ಲಿ ಹಿಂಬದಿ ವಿಳಾಸಕ್ಕಷ್ಟೇ ಮೀಸಲಾಗಿತ್ತು, ಸಂದೇಶ ಬರೆಯಲು ಅಲ್ಲಿ ಅನುಮತಿ ಇರಲಿಲ್ಲ. ಹೀಗಾಗಿ ಜನ ಚಿತ್ರದ ಅಂಚಿನಲ್ಲಿ, ಆಕಾಶದ ಖಾಲಿ ಜಾಗದಲ್ಲಿ, ಕೆಲವೊಮ್ಮೆ ಚಿತ್ರದ ಮೇಲೆಯೇ ಇಂಕಿನಲ್ಲಿ ಬರೆದುಬಿಡುತ್ತಿದ್ದರು. ಹಿಂಬದಿಯ ನಡುವೆ ಗೆರೆ ಎಳೆದು ಎಡಕ್ಕೆ ಸಂದೇಶ, ಬಲಕ್ಕೆ ವಿಳಾಸ ಎಂಬ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ, ಅಮೆರಿಕದಲ್ಲಿ 1907ರ ಮಾರ್ಚ್‌ನಲ್ಲಿ ಬಂದಿತು. ನಡುಗೆರೆಯಿಲ್ಲದ ಅಮೆರಿಕದ ಕಾರ್ಡೊಂದು ಕೈಗೆ ಸಿಕ್ಕರೆ ಅದು 1907ಕ್ಕೆ ಹಿಂದಿನದೆಂದು ಸಾಮಾನ್ಯವಾಗಿ ಹೇಳಬಹುದು. ಅಂಚೆಚೀಟಿ ಉಳಿದಿದ್ದರೆ ಕೆಲಸ ಇನ್ನೂ ಸುಲಭ. ಭಾರತದ ಚೀಟಿಯ ಮೇಲೆ ಏಳನೆಯ ಎಡ್ವರ್ಡ್ ಇದ್ದರೆ ಅದು 1902ಕ್ಕೂ ಮೊದಲಿನದಾಗಲಾರದು, ಐದನೆಯ ಜಾರ್ಜ್ ಇದ್ದರೆ 1911ಕ್ಕೂ ಮೊದಲಿನದಾಗಲಾರದು. ಆದರೆ ಚೀಟಿ ಮತ್ತು ಅಂಚೆಮುದ್ರೆ ಹೇಳುವುದು ಕಾರ್ಡನ್ನು ಕಳುಹಿಸಿದ ಕಾಲವನ್ನು ಮಾತ್ರ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಕಾರ್ಡನ್ನೂ ಯಾರೋ ಕೊಂಡು ಕಳುಹಿಸಿರುತ್ತಾರೆ.

ಇನ್ನು ಚಿತ್ರದೊಳಗಿನ ಸಾಕ್ಷ್ಯ. ಮೈಸೂರಿನ ಕಾರ್ಡುಗಳನ್ನೇ ತೆಗೆದುಕೊಳ್ಳೋಣ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು, ಮುಂಭಾಗದ ದರ್ಬಾರು ಸಭಾಂಗಣದ ವಿಸ್ತರಣೆ ಸುಮಾರು 1940ರ ಹೊತ್ತಿಗೆ ಆಯಿತು. ಈ ಮೂರು ಸಂಗತಿ ತಿಳಿದವರು ಅರಮನೆಯ ಕಾರ್ಡೊಂದನ್ನು ಕೈಗೆತ್ತಿಕೊಂಡು, ಹಿಂಬದಿಯನ್ನು ತಿರುಗಿಸದೆಯೇ ಅದರ ಚಿತ್ರ ಯಾವ ಕಾಲದ್ದೆಂದು ಊಹಿಸಬಲ್ಲರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆ ಅನಾವರಣಗೊಂಡದ್ದು 1906ರಲ್ಲಿ. ಪ್ರತಿಮೆ ಕಾಣುವ ಚಿತ್ರ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಜೋಗವನ್ನು ಹಳೆಯ ಕಾರ್ಡುಗಳು ಗೇರುಸೊಪ್ಪೆ ಜಲಪಾತವೆಂದೇ ಕರೆಯುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಳ್ಳುವುದಕ್ಕೆ ಮುಂಚಿನ ಶರಾವತಿಯ ಹರಿವನ್ನು ಆ ಕಾರ್ಡುಗಳಲ್ಲಿ ನೋಡಬಹುದು. ನಾಲ್ಕು ಸೀಳುಗಳೂ ಒಂದಾಗುವಷ್ಟು ತುಂಬಿದ ನೀರಿನ ಚಿತ್ರ ಸಿಕ್ಕರೆ ಅದನ್ನು ಬಿಡಬಾರದು.

ಮೂರನೆಯದು ಅಚ್ಚಿನ ಪರೀಕ್ಷೆ. ಇದಕ್ಕೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಒಂದು ಚಿಕ್ಕ ಭೂತಗನ್ನಡಿ ಸಾಕು. ಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಅದು ಹಾಫ್‌ಟೋನ್ ಅಚ್ಚು. ಸಾಲಿಲ್ಲದ, ಸುಕ್ಕುಗಟ್ಟಿದಂತಹ ಬಹಳ ಸೂಕ್ಷ್ಮವಾದ ಹರಳುಗಳು ಕಂಡರೆ ಕೊಲೋಟೈಪ್ ಎಂಬ ಇನ್ನೊಂದು ಬಗೆಯ ಅಚ್ಚು. ಚುಕ್ಕೆಯೇ ಇಲ್ಲದೆ ಕಪ್ಪಿನಿಂದ ಬಿಳುಪಿನವರೆಗೆ ಛಾಯೆ ಹರಿದುಹೋಗಿದ್ದರೆ, ಅದು ಫೋಟೋ ಕಾಗದದ ಮೇಲೆಯೇ ತೊಳೆದು ತೆಗೆದ ನಿಜ ಫೋಟೋ ಕಾರ್ಡು. ಬಣ್ಣದ ಹಳೆಯ ಕಾರ್ಡನ್ನು ಕನ್ನಡಿಯಡಿ ಇಟ್ಟಾಗ ಇನ್ನೊಂದು ಸ್ವಾರಸ್ಯವೂ ಬಯಲಾಗುತ್ತದೆ. ಮೂಲ ಫೋಟೋ ಕಪ್ಪುಬಿಳುಪಿನದು. ಬಣ್ಣ ಹಾಕಿದವರು ಎಷ್ಟೋ ಸಲ ಆ ಊರನ್ನು ಕಣ್ಣಾರೆ ಕಾಣದ ಯುರೋಪಿನ ಕೆಲಸಗಾರರು. ಲಾಲ್‌ಬಾಗಿನ ಗಾಜಿನ ಮನೆಯ ಮುಂದಿನ ಮಣ್ಣಿನ ದಾರಿ ನಮ್ಮ ಕೆಂಪುಮಣ್ಣಿನ ಬದಲು ತೆಳುಹಳದಿಯಾಗಿಯೂ, ಮೋಡದ ಬುಡ ಗುಲಾಬಿಯಾಗಿಯೂ ಕಂಡರೆ ಅದನ್ನು ದೋಷವೆಂದು ಎಣಿಸಬೇಕಿಲ್ಲ. ಆ ಕಾಲದ ಕೆಲಸದ ರೀತಿಯೇ ಅದು. ಗಿಡದ ಹಸಿರು ಗೆರೆ ಮೀರಿ ಪಕ್ಕದ ಜಟಕಾದ ಚಕ್ರದ ಮೇಲೆ ಹರಿದಿರುವುದನ್ನು ನೋಡಿದರೆ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚೊತ್ತುವಾಗ ಕಾಗದ ಕೂದಲೆಳೆಯಷ್ಟು ಸರಿದದ್ದು ತಿಳಿಯುತ್ತದೆ.

ನಿಜ ಫೋಟೋ ಕಾರ್ಡು, ಅಚ್ಚಿನ ಕಾರ್ಡು ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಫೋಟೋ ಕಾರ್ಡಿನ ಪರ. ಕೊಡಕ್ ಕಂಪನಿ 1903ರಲ್ಲಿ ಅಂಚೆಕಾರ್ಡಿನ ಅಳತೆಯ ನೆಗೆಟಿವ್ ಕೊಡುವ 3ಎ ಕ್ಯಾಮೆರಾ ತಂದ ಮೇಲೆ ಸಣ್ಣ ಊರಿನ ಸ್ಟುಡಿಯೋದವರೂ ಮನೆಯವರೂ ಹತ್ತಿಪ್ಪತ್ತು ಪ್ರತಿಗಳಷ್ಟೇ ಇರುವ ಕಾರ್ಡುಗಳನ್ನು ಮಾಡಿಕೊಂಡರು. ದೊಡ್ಡ ಪ್ರಕಾಶಕರು ತಿರುಗಿಯೂ ನೋಡದ ಸಂತೆ, ಪ್ರವಾಹ, ರೈಲು ನಿಲ್ದಾಣ, ಅಂಗಡಿಯ ಮುಂಗಟ್ಟು ಇವುಗಳಲ್ಲಿ ಉಳಿದುಕೊಂಡಿವೆ. ಅಂಚೆಚೀಟಿ ಅಂಟಿಸುವ ಚೌಕದಲ್ಲಿ ಫೋಟೋ ಕಾಗದದ ಹೆಸರಿರುವುದು ಇವುಗಳ ಇನ್ನೊಂದು ಅನುಕೂಲ. ಆಜೋ ಎಂಬ ಕಾಗದದ ಚೌಕದ ನಾಲ್ಕು ಮೂಲೆಗಳ ತ್ರಿಕೋನಗಳೂ ಮೇಲ್ಮುಖವಾಗಿದ್ದರೆ ಅದು ಸುಮಾರು 1904ರಿಂದ 1918ರೊಳಗಿನದು. ಎರಡು ಮೇಲಕ್ಕೂ ಎರಡು ಕೆಳಕ್ಕೂ ಇದ್ದರೆ ಅದರ ನಂತರದ್ದು.

ಮೋಸ ಹೆಚ್ಚಾಗಿ ನಡೆಯುವುದೂ ಫೋಟೋ ಕಾರ್ಡುಗಳಲ್ಲಿಯೇ. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿ ಹೊಸ ಕಾಗದದ ಮೇಲೆ ಅಚ್ಚು ಹಾಕಿ, ಅಂಚನ್ನು ಚಹಾ ನೀರಿನಲ್ಲಿ ಮಂಕಾಗಿಸಿ ಮಾರುವುದುಂಟು. ಭೂತಗನ್ನಡಿಯಡಿ ಚುಕ್ಕೆ ಕಂಡರೆ ಅದು ಫೋಟೋ ಕಾರ್ಡಲ್ಲ. ನೇರಳಾತೀತ ಬೆಳಕಿನ ಚಿಕ್ಕ ಟಾರ್ಚು ಹಿಡಿದಾಗ ಕಾಗದ ನೀಲಿಬಿಳುಪಾಗಿ ಬೆಳಗಿದರೆ ಅದರಲ್ಲಿ ಬಿಳುಪುಕಾರಕಗಳಿವೆಯೆಂದು ಅರ್ಥ. ಅವು ಕಾಗದದಲ್ಲಿ ಬಳಕೆಗೆ ಬಂದದ್ದು ಸುಮಾರು 1950ರ ಈಚೆಗೆ. ಇದಕ್ಕೆ ವಿರುದ್ಧವಾಗಿ, ಕಾರ್ಡನ್ನು ಓರೆಯಾಗಿ ಹಿಡಿದಾಗ ಕಪ್ಪು ಭಾಗಗಳಲ್ಲಿ ಬೆಳ್ಳಿಯ ಮಿರುಗು ಕಂಡರೆ ಅದು ವಯಸ್ಸಿನ ಒಳ್ಳೆಯ ಗುರುತು.

ಬರೆದ ಕಾರ್ಡೋ, ಖಾಲಿ ಕಾರ್ಡೋ

ಅಂಚೆಯಲ್ಲಿ ಹೋಗದ, ಮೂಲೆ ಮಾಸದ ಖಾಲಿ ಕಾರ್ಡಿಗೆ ಹೆಚ್ಚು ಬೆಲೆ ಎಂಬ ನಂಬಿಕೆ ಹೊಸಬರಲ್ಲಿದೆ. ಚಿತ್ರದ ಅಂದವನ್ನಷ್ಟೇ ಬಯಸುವವರಿಗೆ ಅದು ಸರಿಯೂ ಹೌದು. ಆದರೆ ಒಂದೇ ಚಿತ್ರದ ಎರಡು ಕಾರ್ಡುಗಳಲ್ಲಿ ಒಂದು ಖಾಲಿಯಿದ್ದು, ಇನ್ನೊಂದರಲ್ಲಿ ಸ್ಪಷ್ಟವಾದ ಅಂಚೆಮುದ್ರೆ, ದಿನಾಂಕ, ಓದಲು ಬರುವ ನಾಲ್ಕು ಸಾಲು ಇದ್ದರೆ ಎರಡನೆಯದನ್ನೇ ಕೊಳ್ಳಿರೆಂದು ನಾನು ಹೇಳುತ್ತೇನೆ. ದಂಡಿನ ಸಿಪಾಯಿಯೊಬ್ಬ ಬೆಂಗಳೂರಿನ ಹವೆ ಹಿತವಾಗಿದೆಯೆಂದು ಇಂಗ್ಲೆಂಡಿನ ತಂಗಿಗೆ ಬರೆದದ್ದು ಚರಿತ್ರೆಯ ದೊಡ್ಡ ದಾಖಲೆಯಲ್ಲದಿರಬಹುದು. ಆದರೂ ಕಾರ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ಅದರಿಂದ ತಿಳಿಯುತ್ತದೆ. ಚೀಟಿಯನ್ನು ಕಿತ್ತುಕೊಂಡು ಹಿಂಬದಿಯ ಕಾಗದ ಸುಲಿದುಹೋದ ಕಾರ್ಡಿನಿಂದ ಮಾತ್ರ ದೂರವಿರಬೇಕು. ಹಿಂದಿನ ಅಂಚೆಚೀಟಿ ಸಂಗ್ರಾಹಕರು ಈ ವಿಷಯದಲ್ಲಿ ನಮಗೆ ಬಹಳ ನಷ್ಟ ಮಾಡಿಟ್ಟಿದ್ದಾರೆ.

ಕನ್ನಡದಲ್ಲಿ ಬರೆದ ಹಳೆಯ ಚಿತ್ರಕಾರ್ಡು ಸಿಗುವುದು ಅಪರೂಪ. ಚಿತ್ರದ ಕಾರ್ಡುಗಳ ಮುಖ್ಯ ಗಿರಾಕಿಗಳು ದಂಡಿನ ಬ್ರಿಟಿಷರು, ಮಿಷನರಿಗಳು, ಪ್ರವಾಸಿಗರು; ನಮ್ಮವರ ಯೋಗಕ್ಷೇಮವೆಲ್ಲ ಕಾಲಾಣೆಯ ಸರ್ಕಾರಿ ಕಾರ್ಡಿನಲ್ಲಿ ಸಾಗಿತು. ಬೆಂಗಳೂರಿನ ದೃಶ್ಯಗಳನ್ನು ಹಿಗ್ಗಿನ್‌ಬಾಥಮ್ಸ್‌ನಂತಹ ಪುಸ್ತಕದಂಗಡಿಯವರು ಹೊರತಂದರು. ಕರಾವಳಿಯ ಕಡೆಯ ಚಿತ್ರಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಕಾರ್ಡು ಮಾಡಿ ತಮ್ಮ ದೇಶದಲ್ಲಿ ಹಂಚಿದರು. ಮುಂಬಯಿಯ ಕ್ಲಿಫ್ಟನ್, ಮದರಾಸಿನ ವೀಲೆ ಮತ್ತು ಕ್ಲೈನ್, ಕಲ್ಕತ್ತೆಯ ಜಾನ್‌ಸ್ಟನ್ ಮತ್ತು ಹಾಫ್‌ಮನ್ ಮುಂತಾದವರ ಹೆಸರುಗಳೂ ಹಿಂಬದಿಯಲ್ಲಿ ಸಿಗುತ್ತವೆ. ಲಂಡನ್ನಿನ ರಾಫೆಲ್ ಟಕ್ ಕಂಪನಿ 1903ರಿಂದ ತೈಲಚಿತ್ರದಂತೆ ಕಾಣುವ 'ಆಯ್ಲೆಟ್' ಮಾಲಿಕೆಯನ್ನು ತಂದಿತು. 1940ರ ಡಿಸೆಂಬರ್ 29ರ ವಿಮಾನದಾಳಿಯಲ್ಲಿ ಆ ಕಂಪನಿಯ ಕಟ್ಟಡದೊಡನೆ ದಾಖಲೆಗಳೂ ಸುಟ್ಟುಹೋದವು. ಹೀಗಾಗಿ ಅದರ ಮಾಲಿಕೆಗಳ ಪಟ್ಟಿಯನ್ನು ಸಂಗ್ರಾಹಕರೇ ಸಿಕ್ಕ ಕಾರ್ಡುಗಳಿಂದ ಕಟ್ಟಿಕೊಳ್ಳಬೇಕಾಗಿದೆ.

ಇದರಿಂದ ಕೊಳ್ಳುವವರಿಗೆ ಒಂದು ಅನುಕೂಲದ ತಿಳಿವು ದೊರೆಯುತ್ತದೆ. ಕಳುಹಿಸಿದ ಕಾರ್ಡು ತಲುಪಿದ ಊರಿನಲ್ಲಿ ಉಳಿಯುತ್ತದೆ. ಹಳೆಯ ಮೈಸೂರು ಸಂಸ್ಥಾನದ ಕಾರ್ಡುಗಳು ಬೆಂಗಳೂರಿನ ಅವೆನ್ಯೂ ರಸ್ತೆಗಿಂತ ಇಂಗ್ಲೆಂಡು, ಜರ್ಮನಿ, ಸ್ವಿಟ್ಜರ್ಲೆಂಡಿನ ಮಾರಾಟಗಾರರ ಪೆಟ್ಟಿಗೆಗಳಲ್ಲಿ ಸಿಗುವ ಸಂಭವವೇ ಹೆಚ್ಚು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ನಮಗಿಲ್ಲದ ಸೌಕರ್ಯವಿದೆ: ಅಲ್ಲಿನ ಪೋಸ್ಟ್‌ಕಾರ್ಡ್ ಮೇಳಗಳಲ್ಲಿ ಊರು, ದೇಶದ ಹೆಸರು ಬರೆದ ಪೆಟ್ಟಿಗೆಗಳಿಂದ ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ ಆರಿಸಬಹುದು. ಇಲ್ಲಿರುವವರು ಈಬೇ, ಡೆಲ್‌ಕ್ಯಾಂಪ್‌ನಂತಹ ಜಾಲತಾಣಗಳನ್ನು ಅವಲಂಬಿಸಬೇಕು. ಅಲ್ಲಿ ಎರಡೂ ಬದಿಯ ಚಿತ್ರ ಹಾಕದ ಮಾರಾಟಗಾರನಿಂದ ಕೊಳ್ಳಬಾರದು; ಕಾರ್ಡಿನ ಬೆಲೆಯ ಮೇಲೆ ಅಂಚೆವೆಚ್ಚ, ಸುಂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಒಬ್ಬನಿಂದಲೇ ಹತ್ತು ಕಾರ್ಡು ಒಟ್ಟಿಗೆ ತರಿಸಿದರೆ ಈ ಹೊರೆ ಹಂಚಿಹೋಗುತ್ತದೆ. ರಾಜ್ಯಮಟ್ಟದ ಅಂಚೆಚೀಟಿ ಪ್ರದರ್ಶನವಾದ ಕರ್ನಾಪೆಕ್ಸ್ ನಡೆಯುವಾಗ ಬರುವ ವ್ಯಾಪಾರಿಗಳ ಮೇಜುಗಳನ್ನೂ ನೋಡಿ ಬರುವುದು ಒಳ್ಳೆಯದು. ಹಾಗೆಯೇ, ನೂರು ವರ್ಷ ದಾಟಿದ ಕಾರ್ಡುಗಳನ್ನು ಭಾರತದಿಂದ ಹೊರಗೆ ಮಾರುವ ಯೋಚನೆಯಿರುವವರು ಪುರಾತನ ವಸ್ತುಗಳ ಕುರಿತ 1972ರ ಕಾಯ್ದೆಯನ್ನು ಮೊದಲು ಓದಿಕೊಳ್ಳಬೇಕು.

ಬೆಲೆಯ ವಿಷಯದಲ್ಲಿ ಒಂದು ಸೂತ್ರ ಬಹುಮಟ್ಟಿಗೆ ನಿಲ್ಲುತ್ತದೆ: ಬದಲಾಗದ ವಸ್ತುವಿನ ಚಿತ್ರ ಅಗ್ಗ, ಅಳಿದುಹೋದ ವಸ್ತುವಿನ ಚಿತ್ರ ದುಬಾರಿ. ಗೋಲಗುಮ್ಮಟದ ಕಾರ್ಡಿಗಿಂತ ಅದೇ ಊರಿನ ಪೇಟೆಬೀದಿಯ ಕಾರ್ಡಿಗೆ ಹೆಚ್ಚು ಬೆಲೆ, ಜನ, ಗಾಡಿ, ಅಂಗಡಿಯ ಫಲಕ ಕಂಡರೆ ಇನ್ನೂ ಹೆಚ್ಚು. ಇಲ್ಲಿನ ಹಳೆಯ ಕಾರ್ಡುಗಳು ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೆ ಹೋಗುತ್ತವೆ. ಹರಾಜಿನ ದಾಖಲೆಗಳನ್ನು ನೋಡಿ ಯಾರೂ ಲಾಭದ ಕನಸು ಕಾಣಬೇಕಿಲ್ಲ. 1840ರಲ್ಲಿ ಥಿಯೊಡೋರ್ ಹುಕ್ ಎಂಬ ಲಂಡನ್ನಿನ ಲೇಖಕ ತನಗೇ ಕಳುಹಿಸಿಕೊಂಡನೆನ್ನಲಾದ, ಜಗತ್ತಿನ ಮೊದಲ ಅಂಚೆಚೀಟಿಯಾದ ಪೆನ್ನಿ ಬ್ಲ್ಯಾಕ್ ಇರುವ, ಕೈಯಿಂದ ಬರೆದ ಚಿತ್ರದ ಕಾರ್ಡು 2002ರಲ್ಲಿ 31,750 ಪೌಂಡಿಗೆ ಮಾರಾಟವಾಯಿತು. ಅಂತಹದು ಮತ್ತೊಂದಿಲ್ಲ.

ನಡುವಯಸ್ಸಿನ ಕಾರ್ಡುಗಳು

ಹಳೆಯದು, ಹೊಸದು ಎಂಬ ಜಗಳದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಗುಂಪೊಂದಿದೆ. ಸುಮಾರು 1950ರಿಂದ 1985ರವರೆಗಿನ ಹೊಳಪು ಕಾರ್ಡುಗಳು. ಹೋಟೆಲುಗಳ ಈಜುಕೊಳ, ವಿಮಾನ ನಿಲ್ದಾಣದ ಪಡಸಾಲೆ, ಹೊಸದಾಗಿ ಕಟ್ಟಿದ ಅಣೆಕಟ್ಟು, ಹೆದ್ದಾರಿ, ವಿಧಾನಸೌಧದ ಮುಂದೆ ನಿಂತ ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳು ಇವುಗಳ ವಸ್ತು. ಐರ್ಲೆಂಡಿನ ಜಾನ್ ಹಿಂಡ್ ಕಂಪನಿಯ ಕಾರ್ಡುಗಳಲ್ಲಿ ಆಕಾಶ ಅತಿಯಾಗಿ ನೀಲಿ, ಮುನ್ನೆಲೆಯಲ್ಲಿ ಬೇಕೆಂದೇ ತಂದಿಟ್ಟ ಹೂವಿನ ಕೊಂಬೆ. ಒಂದು ಕಾಲದಲ್ಲಿ ಅವುಗಳನ್ನು ಅಗ್ಗದ ಅಭಿರುಚಿಯೆಂದು ನಕ್ಕವರು ಈಗ ಹುಡುಕಿ ಕೊಳ್ಳುತ್ತಿದ್ದಾರೆ. ವಿದೇಶದ ಮೇಳಗಳಲ್ಲಿ ಈ ಕಾಲದ ಕಾರ್ಡುಗಳು ಇನ್ನೂ ಅಗ್ಗದ ಪೆಟ್ಟಿಗೆಯಲ್ಲಿಯೇ ಇವೆ. ನಮ್ಮಲ್ಲಿ ರದ್ದಿಯವರ ಬಳಿ ಆಲ್ಬಂ ಸಮೇತ ಸಿಗುತ್ತವೆ. ಕಡಿಮೆ ಹಣ, ಆದರೆ ಹಳೆಯದರ ಸ್ವಾದ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣುವುದಿಲ್ಲ. ಇವುಗಳ ನಕಲು ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲವೆಂಬುದು ಇನ್ನೊಂದು ನೆಮ್ಮದಿ.

ಹೊಸ ಕಾರ್ಡುಗಳು

ಹೊಸ ಕಾರ್ಡುಗಳ ಸಂಗ್ರಹಕ್ಕೆ ದೊಡ್ಡ ಬಾಗಿಲು ಪೋಸ್ಟ್‌ಕ್ರಾಸಿಂಗ್ ಎಂಬ ಜಾಲತಾಣ. ಪೋರ್ಚುಗಲ್ಲಿನ ಪೌಲೊ ಮಗಲ್ಯಾಯ್ಸ್ 2005ರ ಜುಲೈ 14ರಂದು ಆರಂಭಿಸಿದ ಈ ವ್ಯವಸ್ಥೆಯಲ್ಲಿ ಇದುವರೆಗೆ 7 ಕೋಟಿಗೂ ಹೆಚ್ಚು ಕಾರ್ಡುಗಳು ವಿನಿಮಯವಾಗಿವೆ. ಕ್ರಮ ಸರಳವಾದದ್ದು. ಸದಸ್ಯರು ಒಂದು ವಿಳಾಸ ಕೇಳಿದರೆ ಜಗತ್ತಿನ ಯಾವುದೋ ಮೂಲೆಯ ಸದಸ್ಯರೊಬ್ಬರ ವಿಳಾಸವೂ ಒಂದು ಗುರುತಿನ ಸಂಖ್ಯೆಯೂ ಸಿಗುತ್ತದೆ. ಆ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದು ಕಳುಹಿಸಬೇಕು. ಪಡೆದವರು ಅದನ್ನು ನೋಂದಾಯಿಸಿದ ಮೇಲೆ ನಿಮ್ಮ ವಿಳಾಸ ಬೇರೊಬ್ಬರಿಗೆ ಹೋಗುತ್ತದೆ. ಅಂದರೆ ನೀವು ಕಳುಹಿಸಿದವರಿಂದಲ್ಲ, ಮತ್ತೊಬ್ಬರಿಂದ ನಿಮಗೆ ಕಾರ್ಡು ಬರುತ್ತದೆ. ಹೊಸ ಸದಸ್ಯರ ಐದು ಕಾರ್ಡುಗಳು ಮಾತ್ರ ಒಂದೇ ಕಾಲಕ್ಕೆ ದಾರಿಯಲ್ಲಿರಬಹುದು, ಕಳುಹಿಸುತ್ತ ಹೋದಂತೆ ಈ ಮಿತಿ ಏರುತ್ತದೆ. 60 ದಿನಗಳಲ್ಲಿ ತಲುಪದ ಕಾರ್ಡು ಅವಧಿ ಮೀರಿದ್ದೆಂದು ಎಣಿಕೆಯಾಗಿ, ಅದರ ಜಾಗದಲ್ಲಿ ಇನ್ನೊಂದನ್ನು ಕಳುಹಿಸಬಹುದು.

ಇದರ ಗುಣವೂ ದೋಷವೂ ಒಂದೇ: ಏನು ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಸದಸ್ಯರು ಹೆಚ್ಚಿರುವ ಜರ್ಮನಿ, ಅಮೆರಿಕ, ರಷ್ಯ, ತೈವಾನ್‌ಗಳಿಂದ ಕಾರ್ಡುಗಳು ಪದೇ ಪದೇ ಬರುತ್ತವೆ. ಆಫ್ರಿಕದ ಸಣ್ಣ ದೇಶಗಳಿಂದಲೋ, ಶಾಂತಸಾಗರದ ದ್ವೀಪಗಳಿಂದಲೋ ವರ್ಷಗಟ್ಟಲೆ ಒಂದೂ ಬಾರದಿರಬಹುದು. ಜಾಲತಾಣದಲ್ಲಿರುವ ನಿಮ್ಮ ಪರಿಚಯದ ಪುಟದಲ್ಲಿ ದೀಪಸ್ತಂಭ, ಭೂಪಟ, ಯುನೆಸ್ಕೊ ಪರಂಪರೆಯ ತಾಣ ಎಂದು ಇಷ್ಟಗಳನ್ನು ಬರೆಯಬಹುದಾದರೂ ಅದನ್ನು ಪಾಲಿಸಬೇಕೆಂಬ ಕಟ್ಟಳೆ ಕಳುಹಿಸುವವರಿಗಿಲ್ಲ. ಬೇಡಿಕೆಯ ಉದ್ದನೆಯ ಪಟ್ಟಿ ಹಾಕಿ, ಅದು ಬೇಡ ಇದು ಬೇಡ ಎಂದು ಬರೆಯುವವರಿಗೆ ಕಾರ್ಡು ಆರಿಸುವಾಗ ಯಾರಿಗೂ ಉತ್ಸಾಹ ಬರುವುದಿಲ್ಲ.

ನಿರ್ದಿಷ್ಟವಾದದ್ದೇ ಬೇಕೆನ್ನುವವರು ನೇರ ವಿನಿಮಯಕ್ಕೆ ಇಳಿಯಬೇಕು. ಜಪಾನಿನ ಅಂಚೆ ಇಲಾಖೆ 2009ರಿಂದ ಮಾರುತ್ತಿರುವ 'ಗೊತೊಚಿ' ಕಾರ್ಡುಗಳು ಇದಕ್ಕೆ ಒಳ್ಳೆಯ ನಿದರ್ಶನ. ಆಯಾ ಪ್ರಾಂತ್ಯದ ತಿಂಡಿ, ಕೋಟೆ, ಹಬ್ಬದ ಆಕಾರಕ್ಕೇ ಕತ್ತರಿಸಿದ ಈ ಕಾರ್ಡುಗಳು ಆ ಪ್ರಾಂತ್ಯದ ಅಂಚೆ ಕಚೇರಿಗಳಲ್ಲಷ್ಟೇ ಸಿಗುತ್ತವೆ, ಕಳುಹಿಸಲು ಅಂಚೆವೆಚ್ಚವೂ ಹೆಚ್ಚು. ಫಿನ್ಲೆಂಡಿನ ಮಕ್ಕಳ ಕಥೆಗಳ ಪಾತ್ರಗಳಾದ ಮೂಮಿನ್‌ಗಳ ಕಾರ್ಡುಗಳಿಗೂ, ಇಂಗೆ ಲೋಕ್ ಚಿತ್ರಿಸಿದ ತುಂಟ ಅಜ್ಜಿಯರ ಕಾರ್ಡುಗಳಿಗೂ ಹೀಗೆಯೇ ಬೇಡಿಕೆಯಿದೆ. ಇಂತಹವನ್ನು ಪಡೆಯಲು ನಮ್ಮ ಕೈಯಲ್ಲಿಯೂ ಕೊಡತಕ್ಕದ್ದೇನಾದರೂ ಇರಬೇಕು. ಹಂಪಿ, ಯಕ್ಷಗಾನ, ಮೈಸೂರು ದಸರಾ, ಪಶ್ಚಿಮಘಟ್ಟದ ಹಕ್ಕಿಗಳ ಒಳ್ಳೆಯ ಕಾರ್ಡುಗಳಿಗೆ ಹೊರಗೆ ಬೇಡಿಕೆಯಿದೆ. ಅಂಗಡಿಯಲ್ಲಿ ಸಿಗುವ ಮಸುಕಾದ ಹತ್ತರ ಕಟ್ಟನ್ನು ಯಾರೂ ಬಯಸುವುದಿಲ್ಲ. ಸ್ವಂತ ಫೋಟೋವನ್ನು 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದದ ಮೇಲೆ, ಹಿಂಬದಿಗೆ ಲೇಪನವಿಲ್ಲದಂತೆ ಅಚ್ಚು ಹಾಕಿಸಿಕೊಳ್ಳುವುದು ಎಷ್ಟೋ ಮೇಲು. ಎರಡೂ ಬದಿ ಹೊಳಪಾದ ಕಾರ್ಡಿನ ಮೇಲೆ ಪೆನ್ನಿನ ಶಾಯಿ ಒಣಗುವುದಿಲ್ಲ, ಅಂಚೆಮುದ್ರೆಯೂ ಕೂರುವುದಿಲ್ಲ; ಮಳೆಗಾಲದಲ್ಲಿ ವಿಳಾಸವೇ ಅಳಿಸಿಹೋದೀತು.

ಅಂಚೆ ಕಚೇರಿಯ ಕೌಂಟರಿನಲ್ಲಿ ಸ್ವಲ್ಪ ತಾಳ್ಮೆ ಇಟ್ಟುಕೊಂಡರೆ ಕಾರ್ಡಿನ ಬೆಲೆ ಹೆಚ್ಚುತ್ತದೆ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿರುವ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ವಿಭಾಗದಲ್ಲಿ ಸ್ಮಾರಕ ಚೀಟಿಗಳನ್ನು ಆರಿಸಿಕೊಂಡು, ಗೋಂದನ್ನು ತೆಳುವಾಗಿ ಹಚ್ಚಿ, ಚೀಟಿಯ ಒಂದು ಮೂಲೆಯಷ್ಟೇ ತಾಗುವಂತೆ ಮುದ್ರೆ ಒತ್ತಿಕೊಡಿರೆಂದು ಕೇಳಿಕೊಳ್ಳಬಹುದು. ಕೆಲವು ಪ್ರವಾಸಿ ತಾಣಗಳ ಅಂಚೆ ಕಚೇರಿಗಳಲ್ಲಿ ಆ ಸ್ಥಳದ ಚಿತ್ರವಿರುವ ಶಾಶ್ವತ ಮುದ್ರೆಯಿರುತ್ತದೆ. ಕಾರ್ಡಿನ ಚಿತ್ರ, ಚೀಟಿಯ ಚಿತ್ರ, ಮುದ್ರೆಯ ಸ್ಥಳ ಮೂರೂ ಒಂದಕ್ಕೊಂದು ಹೊಂದುವಂತೆ, ಚಿತ್ರದ ಬದಿಗೇ ಚೀಟಿ ಅಂಟಿಸಿದ ಕಾರ್ಡನ್ನು ಮ್ಯಾಕ್ಸಿಮಮ್ ಕಾರ್ಡೆಂದು ಕರೆಯುತ್ತಾರೆ. ಅಂಚೆಚೀಟಿ ಪ್ರದರ್ಶನಗಳಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವೇ ಇದೆ.

ಯಾರಿಗೆ ಯಾವುದು

ತಿಂಗಳಿಗೆ ಒಂದು ಸಾಧಾರಣ ಮೊತ್ತವನ್ನು ಮಾತ್ರ ಖರ್ಚು ಮಾಡಬಲ್ಲ ವಿದ್ಯಾರ್ಥಿಗೆ ಹೊಸ ಕಾರ್ಡಿನ ವಿನಿಮಯವೇ ಸರಿ. ಖರ್ಚು ಸಣ್ಣ ಕಂತುಗಳಲ್ಲಿ ಹೋಗುತ್ತದೆ, ಮೋಸ ಹೋಗುವ ಭಯವಿಲ್ಲ, ಭೂಗೋಳದ ತಿಳಿವಳಿಕೆಯೂ ಬೆಳೆಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಬೇರೆ ಯೋಚನೆ ಬೇಡ. ಅಂಚೆಯವರು ತಮ್ಮ ಹೆಸರಿಗೆ ತಂದುಕೊಟ್ಟ ಕಾರ್ಡಿನ ಮುಂದೆ ಹಳೆಯ ಆಲ್ಬಂ ಅವರನ್ನು ಹಿಡಿದಿಡುವುದಿಲ್ಲ. ತಮ್ಮ ಊರಿನ ಚರಿತ್ರೆ ಬರೆಯಬೇಕೆಂದಿರುವ ಅಧ್ಯಾಪಕರು, ರೈಲ್ವೆಯ ಮೇಲೋ ವಾಸ್ತುಶಿಲ್ಪದ ಮೇಲೋ ಪ್ರೀತಿಯಿರುವವರು, ವರ್ಷಕ್ಕೆ ಹತ್ತೇ ಕಾರ್ಡು ಬಂದರೂ ತೃಪ್ತರಾಗಬಲ್ಲವರು ಹಳೆಯದನ್ನು ಆರಿಸಿಕೊಳ್ಳಲಿ. ಎರಡೂ ಬೇಕೆನ್ನುವವರಿಗೆ ಒಂದು ಜೋಡಿ ದಾರಿಯಿದೆ: ಹಳೆಯ ಕಾರ್ಡೊಂದನ್ನು ಹಿಡಿದು, ಅದರ ಛಾಯಾಗ್ರಾಹಕ ನಿಂತ ಜಾಗದಲ್ಲಿಯೇ ನಿಂತು ಇಂದಿನ ಫೋಟೋ ತೆಗೆದು, ಅದನ್ನು ಕಾರ್ಡಾಗಿಸಿ ವಿನಿಮಯಕ್ಕೆ ಕಳುಹಿಸುವುದು. ಹಳೆಯ ಸೌತ್ ಪೆರೇಡಿನ ಕಾರ್ಡು ಹಿಡಿದು ಇಂದಿನ ಎಂ.ಜಿ. ರಸ್ತೆಯಲ್ಲಿ ಆ ಜಾಗ ಹುಡುಕುವುದು ಸುಲಭವಲ್ಲ. ಮೆಟ್ರೊ ಕಂಬಗಳ ನಡುವೆ ಹಳೆಯ ಕಟ್ಟಡವೊಂದರ ತುದಿ ಸಿಕ್ಕರೂ ಪುಣ್ಯ.

ಇಟ್ಟುಕೊಳ್ಳುವ ವಿಷಯದಲ್ಲಿ ಎರಡಕ್ಕೂ ನಿಯಮ ಒಂದೇ, ಹಳೆಯದಕ್ಕೆ ಸ್ವಲ್ಪ ಹೆಚ್ಚು ಕಟ್ಟುನಿಟ್ಟು. ಪಿವಿಸಿ ಆಲ್ಬಮ್ಮಿನ ಹಾಳೆಗಳು ಕಾಲಕ್ರಮದಲ್ಲಿ ಅಂಟಾಗಿ ಚಿತ್ರದ ಮೇಲ್ಮೈಯನ್ನು ಕೀಳುತ್ತವೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಲಕೋಟೆ ಬಳಸಬೇಕು. ಹಳೆಯ ಕಾರ್ಡು ಸುಮಾರು 9 ಸೆಂ.ಮೀ.ಗೆ 14, ಹೊಸದು ಸಾಮಾನ್ಯವಾಗಿ 10.5ಕ್ಕೆ 15 ಇರುವುದರಿಂದ ಲಕೋಟೆಗಳನ್ನು ಎರಡು ಅಳತೆಯಲ್ಲಿ ತರಿಸಬೇಕು. ಜೆಮ್ ಕ್ಲಿಪ್ಪು, ರಬ್ಬರ್ ಬ್ಯಾಂಡ್, ಸೆಲ್ಲೊಟೇಪು ಹತ್ತಿರಕ್ಕೂ ಬರಬಾರದು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ತಿಂಗಳಿಗೊಮ್ಮೆ ಬೂಷ್ಟು ಹಿಡಿದಿದೆಯೇ ಎಂದು ತೆರೆದು ನೋಡಬೇಕು. ಖರೀದಿಯ ವಿವರವನ್ನು ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿಯೂ ಬರೆಯದೆ, ಲಕೋಟೆಯೊಳಗೆ ಚೀಟಿ ಇಡುವುದು ಒಳ್ಳೆಯದು.

ಎರಡೂ ಬದಿಯನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿಟ್ಟರೆ ಮೂಲವನ್ನು ಪದೇ ಪದೇ ಮುಟ್ಟಬೇಕಿಲ್ಲ. ನೂರು ವರ್ಷದ ಹಿಂದಿನ ಕಾರ್ಡಿನ ಹಿಂಬದಿಯನ್ನು ಜಾಲತಾಣದಲ್ಲಿ ಹಾಗೆಯೇ ಹಾಕಬಹುದು. ಹೊಸ ಕಾರ್ಡಿನ ಹಿಂಬದಿಯಲ್ಲಿ ಬದುಕಿರುವವರ ಹೆಸರು, ನಮ್ಮ ಮನೆಯ ವಿಳಾಸ, ಕೆಲವೊಮ್ಮೆ ಕಳುಹಿಸಿದವರ ವಿಳಾಸವೂ ಇರುವುದರಿಂದ ಅವನ್ನು ಮರೆಮಾಡಿ, ಚೀಟಿ ಮತ್ತು ಮುದ್ರೆಯಷ್ಟನ್ನೇ ತೋರಿಸಬೇಕು.